ಮಳೆಯಲ್ಲಿ ಬಾಗಿಲು ತಟ್ಟಿದ ಇಬ್ಬರು ಹುಡುಗರು: ಮಾರ್ಮನ್ ಮಿಷನರಿಗಳ ದಿನ ಹೇಗಿರುತ್ತದೆ, ಯಾರಿಗಾದರೂ ಗೊತ್ತಾ?

ಸಾಗರದವಳು (ಬೋಲ್ಟನ್, ಇಂಗ್ಲೆಂಡ್)

ನಿನ್ನೆ ಸಂಜೆ ಏಳು ಗಂಟೆ. ಹೊರಗೆ ಜಿಟಿಜಿಟಿ ಮಳೆ. ಕುಕ್ಕರ್ ಎರಡನೇ ಸೀಟಿ ಹೊಡೆಯುವ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ಪಾರ್ಸೆಲ್ ಬಂತು ಅಂದುಕೊಂಡು ತೆಗೆದೆ. ಇಬ್ಬರು ಹುಡುಗರು. ಬಿಳಿ ಶರ್ಟು, ಟೈ, ಎದೆಯ ಮೇಲೆ ಕಪ್ಪು ಬಿಲ್ಲೆ. ಇಬ್ಬರಿಗೂ ಹತ್ತೊಂಬತ್ತು ದಾಟಿರಲಿಕ್ಕಿಲ್ಲ. ಒಬ್ಬನ ಕೂದಲಿನ ನೀರು ಮೂಗಿನ ತುದಿಗೆ ಬಂದು ನಿಂತಿತ್ತು. ಅವನು ಯೇಸು ಕ್ರಿಸ್ತನ ಹೆಸರು ಹೇಳಿದ ಕೂಡಲೇ "ಬೇಡಪ್ಪ, ನಾವು ಹಿಂದೂಗಳು" ಅಂತ ಹೇಳಿ ಬಾಗಿಲು ಹಾಕಿಕೊಂಡೆ.

ಅಷ್ಟಕ್ಕೇ ಮುಗಿದಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಅಡುಗೆಮನೆ ಕಿಟಕಿಯಿಂದ ನೋಡಿದೆ. ಆ ಹುಡುಗ ನಮ್ಮ ಗೇಟಿನ ಪಕ್ಕದ ಗೋಡೆಗೆ ಒರಗಿ ಒಂದು ಶೂ ಬಿಚ್ಚಿದ. ಅದರ ಅಟ್ಟೆ ಬಾಯಿ ಬಿಟ್ಟಿತ್ತು. ಒಳಗಿನ ನೀರು ಚೆಲ್ಲಿದ. ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದು ಕಾಲುಚೀಲದ ಮೇಲೆ ಸುತ್ತಿಕೊಂಡ. ಮತ್ತೆ ಶೂ ಹಾಕಿಕೊಂಡ. ಬೀಳದ ಹಾಗೆ ಇನ್ನೊಬ್ಬ ಅವನ ಭುಜ ಹಿಡಿದುಕೊಂಡಿದ್ದ. ಆಮೇಲೆ ಇಬ್ಬರೂ ಪಕ್ಕದ ಮನೆ ಬಾಗಿಲು ತಟ್ಟಿದರು. ಅವರು ತೆಗೆಯಲೇ ಇಲ್ಲ.

ರಾತ್ರಿ ಊಟ ಸೇರಲಿಲ್ಲ. ಊರಲ್ಲಿರುವ ನನ್ನ ತಮ್ಮನಿಗೂ ಅದೇ ವಯಸ್ಸು. ಮಲೆನಾಡಿನ ಮನೆಯಲ್ಲಿ ಮಳೆಗೆ ನೆನೆದು ಬಂದವರನ್ನು ಹಾಗೇ ಕಳಿಸಿದ್ದು ನನಗೆ ನೆನಪಿಲ್ಲ. ಯಾರು ಇವರು? ಸಂಬಳಕ್ಕೆ ಬರುವವರಾ? ಇಷ್ಟು ಚಿಕ್ಕವರನ್ನು ಯಾಕೆ ಕಳಿಸುತ್ತಾರೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ನಡೆದವನು

ಅಕ್ಕಾ, ಬೇಜಾರು ಮಾಡ್ಕೋಬೇಡಿ. ಬೋಲ್ಟನ್‌ನ ಬಾಗಿಲುಗಳು ನನಗೆ ಚೆನ್ನಾಗಿ ಗೊತ್ತು. 2014ರಿಂದ 2016ರವರೆಗೆ ನಾನೂ ಅದೇ ಕಪ್ಪು ಬಿಲ್ಲೆ ಹಾಕಿಕೊಂಡು ಅಲ್ಲೇ ನಡೆದವನು. ಬೋಲ್ಟನ್, ಬ್ಲ್ಯಾಕ್‌ಬರ್ನ್, ಪ್ರೆಸ್ಟನ್, ಕೊನೆಗೆ ಮ್ಯಾಂಚೆಸ್ಟರ್. ನಮ್ಮ ಮನೆ ಬೆಂಗಳೂರು. ನಾನು ಚಿಕ್ಕವನಿದ್ದಾಗಲೇ ಅಪ್ಪ ಅಮ್ಮ ಈ ಸಭೆಗೆ ಸೇರಿದ್ದರು.

ಮೊದಲು ನಿಮ್ಮ ಪ್ರಶ್ನೆಗಳು. ಸಭೆಯ ಪೂರ್ತಿ ಹೆಸರು 'ಯೇಸು ಕ್ರಿಸ್ತರ ಕಡೆಯ ದಿನಗಳ ಸಂತರ ಸಭೆ'. 1830ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಶುರು ಮಾಡಿದ್ದು. ಈಗ ಕೇಂದ್ರ ಯೂಟಾದ ಸಾಲ್ಟ್ ಲೇಕ್ ಸಿಟಿ. ಬೈಬಲ್ ಜೊತೆಗೆ 'ಮಾರ್ಮನ್ ಗ್ರಂಥ'ವನ್ನೂ ನಾವು ಪವಿತ್ರ ಅಂತ ನಂಬುತ್ತೇವೆ. ಅದರಿಂದಲೇ ಜನ ಮಾರ್ಮನ್ ಅನ್ನುವುದು. 2018ರಿಂದ ಪೂರ್ತಿ ಹೆಸರನ್ನೇ ಬಳಸಿ ಅಂತ ಸಭೆ ಕೇಳಿಕೊಂಡಿದೆ. ಆದರೂ ಹಳೆ ಹೆಸರೇ ಎಲ್ಲರ ಬಾಯಲ್ಲಿದೆ.

ಸಂಬಳ ಒಂದು ಪೈಸೆ ಇಲ್ಲ. ಹುಡುಗರು ಎರಡು ವರ್ಷ, ಹುಡುಗಿಯರು ಹದಿನೆಂಟು ತಿಂಗಳು. ಮೊದಲು ಹುಡುಗರಿಗೆ 19, ಹುಡುಗಿಯರಿಗೆ 21 ಆಗಿರಬೇಕಿತ್ತು. 2012ರಲ್ಲಿ ಅದನ್ನು 18 ಮತ್ತು 19ಕ್ಕೆ ಇಳಿಸಿದರು. 2025ರ ಕೊನೆಗೆ ಹುಡುಗಿಯರಿಗೂ 18 ಅಂತ ಮಾಡಿದರು. ಯಾವ ದೇಶಕ್ಕೆ ಅನ್ನೋದನ್ನು ನಾವು ಆರಿಸುವ ಹಾಗಿಲ್ಲ. ಕಳಿಸಿದ ಕಡೆ ಹೋಗಬೇಕು.

ನಮ್ಮ ದಿನ ಹೀಗಿತ್ತು. ಬೆಳಿಗ್ಗೆ ಆರೂವರೆಗೆ ಏಳಬೇಕು. ಅರ್ಧ ಗಂಟೆ ಕಸರತ್ತು. ಲ್ಯಾಂಕಷೈರಿನ ಜನವರಿಯಲ್ಲಿ ಆರೂವರೆ ಅಂದರೆ ಕಗ್ಗತ್ತಲು. ಬಾಯಿಂದ ಹೊಗೆ ಬರುತ್ತಿತ್ತು, ಮನೆಯೊಳಗೇ! ಪ್ರಿಪೇಯ್ಡ್ ಮೀಟರಿನ ದುಡ್ಡು ಉಳಿಸಲು ಹೀಟರ್ ಹಾಕುತ್ತಿರಲಿಲ್ಲ. ಎಂಟಕ್ಕೆ ಒಬ್ಬೊಬ್ಬರೇ ಓದು, ಒಂಬತ್ತಕ್ಕೆ ಇಬ್ಬರೂ ಕೂತು ಓದು. ಹತ್ತಕ್ಕೆ ಹೊರಗೆ. ರಾತ್ರಿ ಒಂಬತ್ತು, ಒಂಬತ್ತೂವರೆಗೆ ವಾಪಸ್. ಹತ್ತೂವರೆಗೆ ದೀಪ ಆರಿಸಬೇಕು. ಆಮೇಲೆ ಈ ವೇಳಾಪಟ್ಟಿಯನ್ನು ಸ್ವಲ್ಪ ಸಡಿಲ ಮಾಡಿದ್ದಾರೆ. ನನ್ನ ಕಾಲದಲ್ಲಿ ಗಡಿಯಾರದ ಹಾಗೆ.

ಹತ್ತರಿಂದ ಒಂಬತ್ತರವರೆಗೆ ಏನು ಮಾಡ್ತಿದ್ರಿ ಅಂತ ಎಲ್ಲರೂ ಕೇಳುತ್ತಾರೆ. ಹೆಚ್ಚಾಗಿ ನಡೆಯುತ್ತಿದ್ದೆವು. ಪಾಠ ಕೇಳಲು ಒಪ್ಪಿಕೊಂಡವರ ಮನೆಗೆ ಹೋಗುವುದು. ಹೋದರೆ ಅವರು ಮನೆಯಲ್ಲಿರುವುದಿಲ್ಲ. ಬಸ್ ಸ್ಟಾಪಿನಲ್ಲಿ ಮಾತಾಡಿಸುವುದು. ಸಭೆಗೆ ಬರುವ ವಯಸ್ಸಾದವರ ಹಿತ್ತಲಲ್ಲಿ ಹುಲ್ಲು ಕತ್ತರಿಸುವುದು. ಉಳಿದ ಹೊತ್ತು ಬಾಗಿಲು ತಟ್ಟುವುದು. ಸಾಲು ಮನೆಗಳ ಒಂದು ರಸ್ತೆ ಆರಿಸಿಕೊಂಡು ಆ ಕಡೆಯ ಎಲ್ಲ ಬಾಗಿಲು, ಆಮೇಲೆ ಈ ಕಡೆಯ ಎಲ್ಲ ಬಾಗಿಲು. "ನಾಟ್ ಟುಡೇ, ಲವ್" ಅಂತ ನಗುನಗುತ್ತಾ ಬಾಗಿಲು ಹಾಕುವ ಅಜ್ಜಿಯರು ಸಿಕ್ಕರೆ ಆ ದಿನ ಒಳ್ಳೆಯದು ಅನ್ನಿಸುತ್ತಿತ್ತು. ನೀವು "ಬೇಡಪ್ಪ" ಅಂದಿರಿ. ಅದು ಬೈಗುಳ ಅಲ್ಲ ಅಕ್ಕಾ. ಅವರಿಗೆ ಅದು ಮೆತ್ತಗಿನ ಮಾತೇ.

ಲೀಹೈ ಕನ್ನಡಿಗ

ನಾನು ಯೂಟಾದ ಲೀಹೈನಲ್ಲಿದ್ದೇನೆ, ಸಾಫ್ಟ್‌ವೇರ್ ಕೆಲಸ. ನಮ್ಮ ಬೀದಿಯಲ್ಲಿ ಹೆಚ್ಚಿನವರು ಈ ಸಭೆಯವರೇ. ಹಾಗಾಗಿ ಇನ್ನೊಂದು ತುದಿಯಿಂದ ನೋಡಿದ್ದನ್ನು ಹೇಳುತ್ತೇನೆ. ಈ ಹುಡುಗರು ಹೊರಡುವ ತುದಿಯಿಂದ.

ಯಾವ ದೇಶ ಅಂತ ತಿಳಿಸುವ ಪತ್ರ ಮೊದಲು ದೊಡ್ಡ ಬಿಳಿ ಲಕೋಟೆಯಲ್ಲಿ ಬರುತ್ತಿತ್ತಂತೆ. ಈಗ ಕಂಪ್ಯೂಟರಿನಲ್ಲೇ ಬರುತ್ತದೆ. ಪಕ್ಕದ ಮನೆಯ ಹುಡುಗನಿಗೆ ಬಂದ ದಿನ ನಮ್ಮನ್ನೂ ಕರೆದಿದ್ದರು. ಗೋಡೆಯ ಮೇಲೆ ಪ್ರಪಂಚದ ನಕಾಶೆ. ಬಂದವರೆಲ್ಲ ತಮ್ಮ ಊಹೆಯ ದೇಶದ ಮೇಲೆ ಒಂದೊಂದು ಚೀಟಿ ಅಂಟಿಸಬೇಕು. ನನ್ನ ಮಗಳು ಬೆಂಗಳೂರಿನ ಮೇಲೆ ಅಂಟಿಸಿದಳು. ಬಂದದ್ದು ಬ್ರೆಜಿಲ್. ಎಲ್ಲರೂ ಕುಣಿದರು. ಅವನ ಅಮ್ಮ ಮಾತ್ರ ಅಡುಗೆಮನೆಗೆ ಹೋಗಿ ಸಿಂಕಿನ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದರು.

ದುಡ್ಡಿನ ವಿಷಯ. ಅಮೆರಿಕದ ಕುಟುಂಬಗಳು ತಿಂಗಳಿಗೆ 400 ಡಾಲರ್ ಕಟ್ಟುತ್ತಿದ್ದವು. 2020ರ ಜುಲೈನಿಂದ ಅದು 500 ಆಯಿತು. ಯಾವ ದೇಶಕ್ಕೆ ಹೋದರೂ ಅಷ್ಟೇ. ಈ ಹುಡುಗ ಹೈಸ್ಕೂಲಿನಲ್ಲಿ ಎರಡು ಬೇಸಿಗೆ ಬೇರೆಯವರ ಹುಲ್ಲು ಕತ್ತರಿಸಿ ಕೂಡಿಟ್ಟ. ನಮ್ಮನೆ ಹುಲ್ಲೂ ಅವನೇ ಕತ್ತರಿಸಿದ್ದು.

ಇನ್ನೊಂದನ್ನು ಹೇಳಲೇಬೇಕು. ಎರಡು ವರ್ಷ ಮುಗಿಸಿ ಬಂದವರಿಗೆ ಸಾಲ್ಟ್ ಲೇಕ್ ವಿಮಾನ ನಿಲ್ದಾಣದಲ್ಲಿ ಬಲೂನು, ಬ್ಯಾನರು ಹಿಡಿದು ಸ್ವಾಗತ ಮಾಡುತ್ತಾರೆ. ನೋಡಿದರೆ ಕಣ್ಣು ತುಂಬುತ್ತದೆ. ಆದರೆ ಎಲ್ಲರೂ ಮುಗಿಸಿಯೇ ಬರುವುದಿಲ್ಲ. ನಮ್ಮ ಬೀದಿಯ ಇನ್ನೊಬ್ಬ ಹುಡುಗ ಏಳು ತಿಂಗಳಿಗೇ ವಾಪಸ್ ಬಂದ. ನಿದ್ದೆ ಬರುತ್ತಿರಲಿಲ್ಲ, ಬಾಗಿಲು ತಟ್ಟಲು ಕೈ ಎತ್ತಿದರೆ ಉಸಿರು ಕಟ್ಟುತ್ತಿತ್ತಂತೆ. ಬಲೂನು ಇರಲಿಲ್ಲ. ಬಂದ ಮೇಲೆ ಎಷ್ಟೋ ದಿನ ಗ್ಯಾರೇಜಿನಲ್ಲಿ ಒಬ್ಬನೇ ಸೈಕಲ್ ಬಿಚ್ಚಿ ಜೋಡಿಸುತ್ತಾ ಕೂತಿರುತ್ತಿದ್ದ. ನಾನು ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಧರ್ಮದ ಮಾತು ಎತ್ತುತ್ತಿರಲಿಲ್ಲ. ಈಗ ಚೆನ್ನಾಗಿದ್ದಾನೆ, ಕಾಲೇಜಿಗೆ ಹೋಗುತ್ತಿದ್ದಾನೆ. ಆದರೆ ಆ ವಯಸ್ಸಿಗೆ ಅದು ದೊಡ್ಡ ಹೊರೆ. ಅದನ್ನು ಮರೆಯಬಾರದು ಅಂತ ನನಗೆ ಅನ್ನಿಸುತ್ತದೆ.

ಬಸವನಗುಡಿಯವ

ಹುಡುಗರ ಕಷ್ಟ ಅರ್ಥವಾಗುತ್ತದೆ. ಆದರೆ ನನ್ನ ಮನಸ್ಸಿನಲ್ಲಿರುವುದನ್ನು ನೇರವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನಮ್ಮ ಮನೆಯಲ್ಲಿ ದೇವರಿದ್ದಾನೆ, ದೀಪ ಇದೆ, ಅಜ್ಜಿ ಕಲಿಸಿದ ಸ್ತೋತ್ರ ಇದೆ. ಹೊರಗಿನಿಂದ ಒಬ್ಬ ಬಂದು "ನಿಮ್ಮದು ಸಾಲದು, ನನ್ನದನ್ನು ತಗೊಳ್ಳಿ" ಅಂದರೆ ನೋವಾಗುತ್ತದೆ. ಅವನು ಎಷ್ಟೇ ಒಳ್ಳೆಯವನಿರಲಿ. 'ನಡೆದವನು' ಅವರೇ, ಭಾರತದ ಹುಡುಗನಾಗಿ ನಿಮಗೆ ಇದು ಕಾಡಲಿಲ್ವಾ? ಮತ್ತೆ, ಎಷ್ಟು ಜನರನ್ನು ಸೇರಿಸಿದಿರಿ ಅಂತ ಲೆಕ್ಕ ಕೊಡಬೇಕಿತ್ತಾ?

ನಡೆದವನು

ಸರ್, ಸರಿಯಾದ ಪ್ರಶ್ನೆ. ಕಾಡಿತು. ಲೆಕ್ಕವೂ ಕೊಡಬೇಕಿತ್ತು. ವಾರದ ಕೊನೆಗೆ ಎಷ್ಟು ಪಾಠ ಆಯಿತು, ಹೊಸಬರು ಎಷ್ಟು ಸಿಕ್ಕರು, ಭಾನುವಾರ ಸಭೆಗೆ ಎಷ್ಟು ಜನ ಬಂದರು, ದೀಕ್ಷಾಸ್ನಾನಕ್ಕೆ ಯಾರು ದಿನ ಗೊತ್ತು ಮಾಡಿಕೊಂಡರು ಅಂತ ಸಂಖ್ಯೆ ಹೇಳಬೇಕು. ನನ್ನ ಎಷ್ಟೋ ವಾರಗಳಲ್ಲಿ ಸೊನ್ನೆಗಳೇ. ಆ ಸೊನ್ನೆ ಹೇಳುವಾಗ ಪರೀಕ್ಷೆಯಲ್ಲಿ ಫೇಲಾದವನ ಹಾಗೆ ಗಂಟಲು ಒಣಗುತ್ತಿತ್ತು.

ಬ್ಲ್ಯಾಕ್‌ಬರ್ನ್‌ನಲ್ಲಿ ಒಬ್ಬ ಗುಜರಾತಿ ಅಜ್ಜಿ ಬಾಗಿಲು ತೆಗೆದರು. ನನ್ನ ಮುಖ ನೋಡಿದವರೇ ಹಿಂದಿಯಲ್ಲಿ ಕೇಳಿದ್ದು ಒಂದೇ ಮಾತು: "ಊಟ ಮಾಡಿದ್ದೀಯಾ?" ನಾನು ಬಾಯಿಪಾಠ ಮಾಡಿಕೊಂಡಿದ್ದ ಮೊದಲ ಪಾಠ ಶುರು ಮಾಡಿದೆ. 1820ರಲ್ಲಿ ಹದಿನಾಲ್ಕು ವರ್ಷದ ಜೋಸೆಫ್ ಸ್ಮಿತ್ ಯಾವ ಸಭೆ ಸರಿ ಅಂತ ತಿಳಿಯದೆ ಕಾಡಿಗೆ ಹೋಗಿ ಪ್ರಾರ್ಥನೆ ಮಾಡಿದ ಕಥೆ. ಅಜ್ಜಿ ಪೂರ್ತಿ ಕೇಳಿದರು. ಆಮೇಲೆ ಹೇಳಿದರು, "ಒಳ್ಳೆ ಹುಡುಗ. ದೇವರನ್ನು ಕೇಳಿದ. ನಾನೂ ದಿನಾ ಕೇಳ್ತೀನಿ." ಒಳಗೆ ಕರೆದು ಕೃಷ್ಣನ ತೊಟ್ಟಿಲು ತೋರಿಸಿದರು. ಪುಟ್ಟ ಕೃಷ್ಣನಿಗೆ ತಾವೇ ಉಣ್ಣೆಯ ಟೋಪಿ ಹೆಣೆದಿದ್ದರು, ಲ್ಯಾಂಕಷೈರಿನ ಚಳಿಗೆ ಅಂತ.

ನಾನು ಎರಡನೇ ಪಾಠ ತೆಗೆಯಲಿಲ್ಲ. ತೆಗೆಯಲು ಆಗಲಿಲ್ಲ ಸರ್. ಇಡಾಹೋದಿಂದ ಬಂದಿದ್ದ ನನ್ನ ಜೊತೆಗಾರ ಆ ಟೋಪಿಯನ್ನೇ ನೋಡುತ್ತಾ ಕೂತಿದ್ದ. ಹೊರಗೆ ಬಂದ ಮೇಲೆ ಅವನು ಹೇಳಿದ, "ನನ್ನ ಅಜ್ಜಿಯೂ ಹೀಗೇ ಹೆಣೆಯುತ್ತಾಳೆ." ಆಮೇಲೆ ಪ್ರತಿ ವಾರ ಹೋಗಿ ಅವರ ಅಂಗಡಿ ಸಾಮಾನು ಹೊತ್ತು ತಂದುಕೊಟ್ಟೆವು. ಲೆಕ್ಕದಲ್ಲಿ ಅದು ಸೊನ್ನೆಯೇ.

ನನ್ನ ನಂಬಿಕೆ ಸಡಿಲವಾಯಿತು ಅಂತಲ್ಲ. ಇವತ್ತೂ ನಾನು ಅದೇ ಸಭೆಗೆ ಹೋಗುತ್ತೇನೆ. ನನಗೆ ಒಳ್ಳೆಯದಾದದ್ದನ್ನು ಇನ್ನೊಬ್ಬರಿಗೆ ಹೇಳುವ ಆಸೆ ತಪ್ಪು ಅಂತ ಈಗಲೂ ಅನ್ನಿಸುವುದಿಲ್ಲ. ಆದರೆ "ನಿಮ್ಮದು ಸಾಲದು" ಅನ್ನುವ ಮಾತು ಆ ಮನೆಯ ಮೇಲೆ ನನ್ನ ಬಾಯಿಂದ ಬರಲಿಲ್ಲ. ಮೊದಲು ಅವರದ್ದನ್ನು ಕೇಳುತ್ತಿದ್ದೆ. ಬೇಡ ಅಂದರೆ ಅಲ್ಲಿಗೆ ನಿಲ್ಲಿಸುತ್ತಿದ್ದೆ. ನಿಮ್ಮ ಮನೆಗೆ ಬಂದಿದ್ದರೆ ಸ್ತೋತ್ರದ ಬಗ್ಗೆಯೇ ಕೇಳುತ್ತಿದ್ದೆನೇನೋ.

ಬಸವನಗುಡಿಯವ

ಬಾಗಿಲಿಗೆ ಬರುವುದು ನನಗೆ ಈಗಲೂ ಒಪ್ಪಿಗೆ ಇಲ್ಲ. ಆದರೆ ಟೋಪಿಯ ವಿಷಯ ಬರೆದಿದ್ದಕ್ಕೆ ಧನ್ಯವಾದ. ಅದನ್ನು ಅಮ್ಮನಿಗೆ ಓದಿ ಹೇಳಿದೆ.

ಮಾರತ್ತಹಳ್ಳಿ ಅಮ್ಮ

ನನ್ನ ಮಗಳೂ ಹೋಗಿದ್ದಳು. ಹದಿನೆಂಟು ತಿಂಗಳು, ಉತ್ತರ ಭಾರತದಲ್ಲಿ. ಅವಳು ಬಾಗಿಲು ತಟ್ಟಿಕೊಂಡು ಹೋಗಲಿಲ್ಲ. ಗೊತ್ತಿದ್ದವರು ಕರೆದರೆ ಮಾತ್ರ ಹೋಗುತ್ತಿದ್ದಳು. ಅವಳ ಜೊತೆಗಾರ್ತಿ ಆಂಧ್ರದ ಹುಡುಗಿ. ಇಬ್ಬರಿಗೂ ಹಿಂದಿ ಅಷ್ಟಕ್ಕಷ್ಟೆ. ಒಬ್ಬಳು ಕನ್ನಡದಲ್ಲಿ ಯೋಚಿಸಿ, ಒಬ್ಬಳು ತೆಲುಗಿನಲ್ಲಿ ಯೋಚಿಸಿ, ಹಿಂದಿಯಲ್ಲಿ ಪ್ರಾರ್ಥನೆ ಮಾಡುತ್ತಿದ್ದರಂತೆ.

ಇಬ್ಬರೂ ಸದಾ ಜೊತೆಗೇ ಇರಬೇಕು ಅನ್ನೋದು ನಿಯಮ. ಒಬ್ಬಳು ಅಂಗಡಿಗೆ ಹೋದರೆ ಇನ್ನೊಬ್ಬಳೂ ಹೋಗಬೇಕು. ಆರು ವಾರಕ್ಕೊಮ್ಮೆ ಬದಲಾವಣೆಯ ಸುದ್ದಿ ಬರುತ್ತದೆ. ಊರು ಬದಲಾಗಬಹುದು, ಜೊತೆಗಾರ್ತಿ ಬದಲಾಗಬಹುದು. ಮೊದಲ ಜೊತೆಗಾರ್ತಿಯ ಜೊತೆ ಮಗಳಿಗೆ ಸ್ವಲ್ಪವೂ ಹೊಂದಿಕೆಯಾಗಿರಲಿಲ್ಲ. ಪಾತ್ರೆ ತೊಳೆಯುವ ವಿಷಯಕ್ಕೆ ಮೂರು ದಿನ ಮಾತು ಬಿಟ್ಟಿದ್ದರು. ಮಾತು ಬಿಟ್ಟರೂ ಪಕ್ಕದಲ್ಲೇ ನಡೆಯಬೇಕು, ಅಲ್ವಾ? ಮೂರನೇ ದಿನ ಆಟೋದಲ್ಲಿ ಇಬ್ಬರಿಗೂ ಒಟ್ಟಿಗೆ ಅಳು ಬಂತಂತೆ. ಈಗ ಆ ಹುಡುಗಿಯ ಮದುವೆಗೆ ಇವಳೇ ಎಲ್ಲಕ್ಕಿಂತ ಮೊದಲು ಹೋಗಿ ಕೂತಿದ್ದಳು.

ತಾಯಂದಿರಿಗೆ ಒಂದು ಮಾತು. ಮೊದಲೆಲ್ಲ ಮಿಷನರಿಗಳು ಮನೆಗೆ ಫೋನ್ ಮಾಡುತ್ತಿದ್ದದ್ದು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ. ಉಳಿದದ್ದೆಲ್ಲ ವಾರಕ್ಕೊಂದು ಇಮೇಲ್. 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ ವೀಡಿಯೋ ಕರೆ ಮಾಡಬಹುದು ಅಂತ ಆಯಿತು. ನನ್ನ ಮಗಳು ಹೋಗಿದ್ದು ಅದಾದ ಮೇಲೆ, ದೇವರ ದಯೆ. ಪ್ರತಿ ವಾರ ಅವಳ ಮುಖಕ್ಕಿಂತ ಮೊದಲು ಕುತ್ತಿಗೆ ನೋಡುತ್ತಿದ್ದೆ. ಸಣ್ಣಗಾಗಿದ್ದಾಳಾ ಅಂತ.

ಸಾಗರದವಳು

ಎಲ್ಲರಿಗೂ ಥ್ಯಾಂಕ್ಸ್. ಓದುತ್ತಾ ಓದುತ್ತಾ ಆ ಶೂ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿದೆ. ಅವರು ಮತ್ತೆ ಬಂದರೆ ಬಿಸಿಬಿಸಿ ಟೀ ಆದರೂ ಕೊಡಬೇಕು ಅಂತಿದ್ದೇನೆ.

ನಡೆದವನು

ಅಯ್ಯೋ ಅಕ್ಕಾ, ಟೀ ಮಾತ್ರ ಬೇಡ! ನಾವು ಟೀ, ಕಾಫಿ, ಮದ್ಯ, ತಂಬಾಕು ಮುಟ್ಟುವುದಿಲ್ಲ. 1833ರಿಂದ ಬಂದಿರುವ ಬೋಧನೆ ಅದು. ಇಂಗ್ಲೆಂಡಿನ ಉತ್ತರದಲ್ಲಿ ಟೀ ಬೇಡ ಅನ್ನುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಅಲ್ಲಿ ಅದನ್ನು 'ಬ್ರೂ' ಅಂತಾರೆ. ಒಳಗೆ ಕರೆದರು ಅಂದರೆ ಮೊದಲ ಮಾತೇ ಬ್ರೂ.

ಪ್ರೆಸ್ಟನ್‌ನಲ್ಲಿ ಒಬ್ಬ ಅಜ್ಜ ಇದ್ದರು. ಹೆಂಡತಿ ತೀರಿಕೊಂಡು ಆರು ತಿಂಗಳಾಗಿತ್ತು. ಅವಳ ಸ್ವೆಟರ್ ಇನ್ನೂ ಕುರ್ಚಿಯ ಬೆನ್ನಿಗೇ ಇತ್ತು. ನಮ್ಮನ್ನು ಕೂರಿಸಿ ಮೂರು ಕಪ್ ತೆಗೆದಿಟ್ಟರು. "ನಾವು ಟೀ ಕುಡಿಯಲ್ಲ" ಅಂದೆ. ಅವರ ಕೈ ಕೆಟಲ್ ಮೇಲೇ ನಿಂತುಬಿಟ್ಟಿತು. ಮೂರು ಕಪ್ ತೆಗೆದು ಅವರಿಗೆ ಎಷ್ಟು ಕಾಲ ಆಗಿತ್ತೋ. ನನಗೆ ನೆಲದೊಳಗೆ ಇಳಿದು ಹೋಗೋಣ ಅನ್ನಿಸಿತು. ನನ್ನ ಜೊತೆಗಾರ ತಕ್ಷಣ ಕೇಳಿದ, "ಬಿಸಿ ವಿಮ್ಟೊ ಇದೆಯಾ?"

ವಿಮ್ಟೊ ಗೊತ್ತಲ್ಲ, ಆ ದ್ರಾಕ್ಷಿ ಬಣ್ಣದ ಶರಬತ್ತು. 1908ರಲ್ಲಿ ಮ್ಯಾಂಚೆಸ್ಟರಿನಲ್ಲೇ ಹುಟ್ಟಿದ್ದು. ಅಲ್ಲಿಯವರು ಅದಕ್ಕೆ ಬಿಸಿನೀರು ಬೆರೆಸಿ ಕುಡಿಯುತ್ತಾರೆ. ಅಜ್ಜನ ಮುಖ ಅರಳಿತು. ಬೀರುವಿನ ಹಿಂದಿನಿಂದ ಬಾಟಲಿ ಹುಡುಕಿ ತೆಗೆದರು. ಮೂರು ಕಪ್ಪಿಗೂ ಸುರಿದರು. ಅವರೂ ಟೀ ಬಿಟ್ಟು ಅದನ್ನೇ ಕುಡಿದರು. ಆ ದಿನ ನಾವು ಪಾಠ ಮಾಡಲಿಲ್ಲ. ಅವರ ಹೆಂಡತಿ ಹತ್ತಿ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದಾಗಿನ ಕಥೆ ಕೇಳಿದೆವು. ಯಂತ್ರಗಳ ಸದ್ದಿಗೆ ಮಾತು ಕೇಳಿಸದೆ ಅಲ್ಲಿನ ಹೆಂಗಸರು ತುಟಿ ನೋಡಿಯೇ ಮಾತಾಡುತ್ತಿದ್ದರಂತೆ. ಮದುವೆಯಾದ ಮೇಲೂ ಅವಳು ದೂರದಿಂದ ಸದ್ದಿಲ್ಲದೆ ತುಟಿ ಆಡಿಸಿ ಇವರನ್ನು ಕರೆಯುತ್ತಿದ್ದಳಂತೆ. ಅಜ್ಜ ಅದನ್ನು ಮಾಡಿ ತೋರಿಸಿದರು. ಅವರ ಹೆಸರನ್ನು, ಸದ್ದಿಲ್ಲದೆ.

ಹಳೇಕಾಗದ

ಪ್ರೆಸ್ಟನ್ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ಅಮೆರಿಕದ ಖಂಡ ಬಿಟ್ಟು ಈ ಸಭೆಯ ಮಿಷನರಿಗಳು ಮೊದಲು ಹೋದದ್ದು ಅಲ್ಲಿಗೇ, 1837ರಲ್ಲಿ. ಹೀಬರ್ ಕಿಂಬಾಲ್ ಮತ್ತು ಜೊತೆಯವರು ಹಡಗಿನಲ್ಲಿ ಲಿವರ್‌ಪೂಲಿಗೆ ಬಂದಿಳಿದು ಪ್ರೆಸ್ಟನ್ ಸೇರಿದರು. ಆ ವರ್ಷದ ಜುಲೈ 30ರಂದು ರಿಬ್ಬಲ್ ನದಿಯಲ್ಲಿ ಒಂಬತ್ತು ಜನರಿಗೆ ದೀಕ್ಷಾಸ್ನಾನ ಆಯಿತು. ಯಾರು ಮೊದಲು ಅಂತ ಇಬ್ಬರು ನದಿಯವರೆಗೆ ಓಡಿದರು. ಗೆದ್ದವನು ಜಾರ್ಜ್ ವಾಟ್. ಅದೇ ಪ್ರೆಸ್ಟನ್‌ನಲ್ಲಿ 1832ರಲ್ಲಿ ಜೋಸೆಫ್ ಲಿವ್ಸಿ ಮದ್ಯವನ್ನು ಪೂರ್ತಿ ಬಿಡುವ ಪ್ರತಿಜ್ಞೆ ಮಾಡಿಸಿದ್ದ. ಪಾನನಿರೋಧದವರು ಸೇರುತ್ತಿದ್ದ 'ಕಾಕ್‌ಪಿಟ್' ಎಂಬ ಹಳೆ ಕಟ್ಟಡದಲ್ಲೇ ಈ ಹೊಸ ಸಭೆಯೂ ಸೇರುತ್ತಿತ್ತು. ಕುಡಿತ ಬಿಟ್ಟ ಗಿರಣಿ ಕೆಲಸಗಾರರಿಗೆ ಇವರ ಮಾತು ಬೇಗ ಹಿಡಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

ನಮ್ಮ ಕಡೆಗೂ ಆಗಲೇ ಬಂದಿದ್ದರು. 1850ರ ದಶಕದಲ್ಲಿ ಕಲ್ಕತ್ತ, ಬೊಂಬಾಯಿ, ಪುಣೆ. ರಿಚರ್ಡ್ ಬ್ಯಾಲಂಟೈನ್ ಎಂಬಾತ 1853ರಲ್ಲಿ ಮದರಾಸಿಗೆ ಬಂದು ಮರುವರ್ಷವೇ ಹೊರಟುಹೋದ. ಆಮೇಲೆ ಬಹಳ ಕಾಲ ಏನೂ ಇಲ್ಲ. ಬೆಂಗಳೂರಿನಲ್ಲಿ ಮಿಷನ್ ಶುರುವಾದದ್ದು 1993ರಲ್ಲಿ. ಭಾರತದಲ್ಲಿ ಈ ಸಭೆಯ ಮೊದಲ ಮಂದಿರ ಬೆಂಗಳೂರಿನಲ್ಲಿ ಅಂತ 2018ರಲ್ಲಿ ಘೋಷಣೆಯಾಯಿತು. 2020ರ ಡಿಸೆಂಬರಿನಲ್ಲಿ ಗುದ್ದಲಿಪೂಜೆ.

ನಡೆದವನು

ಹಳೇಕಾಗದ ಸರ್, ನನ್ನ ತರಬೇತಿ ಆದದ್ದು ಪ್ರೆಸ್ಟನ್ ಪಕ್ಕದ ಚೋರ್ಲಿಯಲ್ಲೇ, ಅಲ್ಲಿನ ಮಂದಿರದ ಅಂಗಳದಲ್ಲಿ. ರಿಬ್ಬಲ್ ನದಿಯ ಓಟದ ಕಥೆಯನ್ನು ಎಷ್ಟೋ ಸಲ ಕೇಳಿದ್ದೇನೆ. ಹೆಮ್ಮೆಯೂ ಪಟ್ಟಿದ್ದೇನೆ. ಆದರೆ ಹೆಮ್ಮೆಯ ಚರಿತ್ರೆ ಮಾತ್ರ ಹೇಳಿ ಸುಮ್ಮನಾದರೆ ಸರಿಯಾಗುವುದಿಲ್ಲ. ಇನ್ನೊಂದು ಬಾಗಿಲಿನ ವಿಷಯವನ್ನೂ ಹೇಳುತ್ತೇನೆ.

ಮ್ಯಾಂಚೆಸ್ಟರಿನಲ್ಲಿ ಒಬ್ಬರು ಬಾಗಿಲು ತೆಗೆದರು. ಜಮೈಕಾ ಮೂಲದವರು, ಐವತ್ತು ದಾಟಿದವರು. ಬಿಲ್ಲೆ ನೋಡಿ ಕೇಳಿದರು, "1978ರಲ್ಲಿ ಏನಾಯಿತು ಅಂತ ಗೊತ್ತಾ ನಿನಗೆ?" ಗೊತ್ತಿತ್ತು. ಅಲ್ಲಿಯವರೆಗೆ ನಮ್ಮ ಸಭೆಯಲ್ಲಿ ಆಫ್ರಿಕಾ ಮೂಲದ ಗಂಡಸರಿಗೆ ಯಾಜಕ ಪದವಿ ಕೊಡುತ್ತಿರಲಿಲ್ಲ. ಆ ವರ್ಷ ಜೂನ್‌ನಲ್ಲಿ ಆ ನಿರ್ಬಂಧ ತೆಗೆದರು. ಹನ್ನೆರಡರ ಆಸುಪಾಸಿನ ಹುಡುಗರಿಗೇ ಸುಲಭವಾಗಿ ಸಿಗುವ ಪದವಿ ಅದು. ನನಗೂ ಸಿಕ್ಕಿತ್ತು. "ನಾನು ಆಗ ಹುಡುಗ. ನಿಮ್ಮ ಸಭೆಯಲ್ಲಿ ಹುಟ್ಟಿದ್ದರೆ ನನ್ನ ಅಪ್ಪನಿಗೆ ಏನು ಹೇಳುತ್ತಿದ್ದಿರಿ?" ಅಂತ ಕೇಳಿದರು. ಕೂಗಾಡಲಿಲ್ಲ. ಉತ್ತರಕ್ಕೆ ಕಾದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾಯಿಗೆ ಏನೇನೋ ಸಮಜಾಯಿಷಿ ಬರುತ್ತಿತ್ತು, ನುಂಗಿಕೊಂಡೆ. "ಸರ್, ಅದು ನೋವು ಕೊಟ್ಟಿದೆ. ನನಗೆ ಉತ್ತರ ಗೊತ್ತಿಲ್ಲ" ಅಂದೆ. ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. "ಸುಳ್ಳು ಹೇಳಲಿಲ್ಲ" ಅಂದರು. ಬಾಗಿಲು ಹಾಕಿದರು, ನಿಧಾನವಾಗಿ. ಆ ಸಂಜೆ ಇನ್ನೊಂದು ಬಾಗಿಲು ತಟ್ಟಲು ಕೈ ಬರಲಿಲ್ಲ. ಜೊತೆಗಾರ ನನ್ನನ್ನು ಬಸ್ ಸ್ಟಾಪಿನಲ್ಲಿ ಕೂರಿಸಿಕೊಂಡು ಒಂದು ಪೊಟ್ಟಣ ಚಿಪ್ಸ್ ಕೊಡಿಸಿದ. ಇಬ್ಬರೂ ಮಾತಾಡದೆ ತಿಂದೆವು. ಇಷ್ಟು ವರ್ಷ ಆದ ಮೇಲೂ ಪ್ರಾರ್ಥನೆಗೆ ಕೂತಾಗ ಅವರ ಪ್ರಶ್ನೆ ಬಂದು ಪಕ್ಕದಲ್ಲಿ ಕೂರುತ್ತದೆ. ಬರಲಿ. ಅದಕ್ಕೆ ನಾನು ಬಾಗಿಲು ಹಾಕುವುದಿಲ್ಲ.

ಲೀಹೈ ಕನ್ನಡಿಗ

ಇದನ್ನು ಬರೆದಿದ್ದಕ್ಕೆ ನಿಮಗೆ ನಮಸ್ಕಾರ. ಇಲ್ಲಿ ನನ್ನ ನೆರೆಯವರಲ್ಲೂ ಕೆಲವರು ಇದನ್ನು ಇಷ್ಟೇ ಕಷ್ಟಪಟ್ಟು ಮಾತಾಡುತ್ತಾರೆ.

ಸಾಗರದವಳು

ಬಂದಿದ್ದರು! ಹತ್ತು ದಿನ ಆದ ಮೇಲೆ, ನಿನ್ನೆ ಮಧ್ಯಾಹ್ನ. ನಮ್ಮ ಮನೆಗಲ್ಲ, ಎದುರಿನ ಮನೆಯ ಅಜ್ಜಿಯ ಕಸದ ಡಬ್ಬಿ ಎಳೆದು ಇಡುತ್ತಿದ್ದರು. ನಾನೇ ಬಾಗಿಲಲ್ಲಿ ನಿಂತು ಕರೆದೆ. ಇಬ್ಬರೂ ಓಡಿ ಬಂದರು. "ಒಳಗೆ ಬನ್ನಿ" ಅಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮನೆಯಲ್ಲಿ ಬೇರೆ ಯಾರಾದರೂ ಗಂಡಸರು ಇದ್ದಾರಾ ಅಂತ ತುಂಬಾ ಸಂಕೋಚದಿಂದ ಕೇಳಿದರು. ನಮ್ಮ ಯಜಮಾನರು ಶಿಫ್ಟಿಗೆ ಹೋಗಿದ್ದರು. ಹಾಗಾದರೆ ಒಳಗೆ ಬರುವ ಹಾಗಿಲ್ಲ, ಹೊಸ್ತಿಲಲ್ಲೇ ನಿಲ್ಲುತ್ತೇವೆ ಅಂದರು. ಇದು ನಿಯಮವಾ? ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಮೆಚ್ಚುಗೆಯಾಯಿತು.

ಕಷಾಯ ಮಾಡಿದೆ. ಜೀರಿಗೆ, ಕೊತ್ತಂಬರಿ, ಕಾಳುಮೆಣಸು ಹುರಿದು ಅಮ್ಮ ಕಳಿಸಿದ ಪುಡಿ. ಹಾಲು, ಬೆಲ್ಲ. ಟೀ ಸೊಪ್ಪು ಇಲ್ಲ ಅಂತ ಡಬ್ಬಿಯನ್ನೇ ತಂದು ತೋರಿಸಿದೆ. ಮೂಗಿನ ಹುಡುಗ, ಅವನನ್ನು ಹಾಗೇ ಕರೆಯುತ್ತೇನೆ, ಒಂದು ಗುಟುಕು ಕುಡಿದು ಕಣ್ಣು ಅಗಲ ಮಾಡಿದ. ಕೆಮ್ಮಿದ. ಮತ್ತೆ ಕುಡಿದ. ಲೋಟ ಖಾಲಿ ಮಾಡಿ ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತ, ಬೆಚ್ಚಗಿದೆ ಅಂತ.

ಶೂ ಅದೇ ಶೂ. ಈಗ ಕಪ್ಪು ಟೇಪು ಸುತ್ತಿದ್ದಾನೆ. ಯಜಮಾನರ ಹಳೆ ಶೂ ಒಂದು ಜೊತೆ ಇತ್ತು, ಅಟ್ಟೆ ಗಟ್ಟಿಯಾಗಿದೆ. ಅಲ್ಲೇ ಮೆಟ್ಟಿಲ ಮೇಲೆ ಕೂತು ಹಾಕಿ ನೋಡಿದ. ಒಂದು ಬೆರಳು ದೊಡ್ಡದು. ಎರಡು ಜೊತೆ ಕಾಲುಚೀಲ ಹಾಕಿಕೊಂಡರೆ ಸರಿಹೋಗುತ್ತದೆ ಅಂದ. ಎದ್ದು ನಿಂತು ಜಿಗಿದು ನೋಡಿದ, ಚಿಕ್ಕ ಮಕ್ಕಳ ಹಾಗೆ.

ನಡೆದವನು

ಹೌದು ಅಕ್ಕಾ, ನಿಯಮವೇ. ಹೆಂಗಸೊಬ್ಬರೇ ಇರುವ ಮನೆಯೊಳಗೆ ಹುಡುಗರು ಹೋಗುವ ಹಾಗಿಲ್ಲ. ಹಾಗಾಗಿ ನಾನು ಎಷ್ಟೋ ಊಟ ಹೊಸ್ತಿಲಲ್ಲಿ, ಮೆಟ್ಟಿಲ ಮೇಲೆ, ಹಿತ್ತಲ ಬಾಗಿಲಲ್ಲಿ ಮಾಡಿದ್ದೇನೆ. ಕಷಾಯಕ್ಕೆ ಏನೂ ಅಡ್ಡಿ ಇಲ್ಲ. ಮೆಣಸು ಮಾತ್ರ ಸ್ವಲ್ಪ ಕಮ್ಮಿ ಮಾಡಿ, ಪಾಪ. ಮತ್ತೆ ಆ ಶೂಗೆ ಒಳಗೆ ಒಂದು ದಪ್ಪ ಇನ್‌ಸೋಲ್ ಹಾಕಿಸಿ. ದಿನಕ್ಕೆ ಹತ್ತು ಗಂಟೆ ನಡೆದರೆ ಹಿಮ್ಮಡಿ ಬೊಬ್ಬೆ ಬರುತ್ತದೆ. ನನ್ನ ಎಡಗಾಲಿನಲ್ಲಿ ಇನ್ನೂ ಗುರುತಿದೆ.

ಮಾರತ್ತಹಳ್ಳಿ ಅಮ್ಮ

ಸಾಗರದ ಮಗಳೇ, ಆ ಹುಡುಗನ ತಾಯಿಗೆ ಇವತ್ತು ರಾತ್ರಿ ಒಳ್ಳೆ ನಿದ್ದೆ ಬರುತ್ತದೆ. ಅವನು ಹೇಳದೆ ಇರುವುದಿಲ್ಲ.

ಸಾಗರದವಳು

ಅಮ್ಮ, ಹೇಳ್ತಾನಂತೆ. ಕಷಾಯದ ಪುಡಿಗೆ ಏನೇನು ಹಾಕುತ್ತೀರಿ ಅಂತ ಬರೆಸಿಕೊಂಡು ಹೋದ, ಅವನ ಅಮ್ಮನಿಗೆ ಕಳಿಸಲು. ಇನ್ನೊಬ್ಬ ಹುಡುಗ ಬಾಗಿಲಿನಿಂದಲೇ ಒಳಗೆ ಕಾಣುತ್ತಿದ್ದ ದೀಪ ನೋಡಿ ಅದ್ಯಾಕೆ ಹಗಲಲ್ಲೂ ಉರಿಯುತ್ತದೆ ಅಂತ ಕೇಳಿದ. ಹೇಳಿದೆ. ಇನ್ನೂ ಕೇಳಬೇಕು ಅಂದ. ಗುರುವಾರ ಯಜಮಾನರಿಗೆ ರಜಾ. ಊಟಕ್ಕೆ ಬನ್ನಿ ಅಂತ ಕರೆದಿದ್ದೇನೆ. ಚಿತ್ರಾನ್ನ, ಮಜ್ಜಿಗೆಹುಳಿ, ಹಪ್ಪಳ. ಮಜ್ಜಿಗೆಹುಳಿ ಅವರಿಗೆ ಹಿಡಿಸುತ್ತಾ ಗೊತ್ತಿಲ್ಲ, ಸ್ವಲ್ಪ ಸಪ್ಪೆಯಾಗಿಯೇ ಮಾಡ್ತೇನೆ.